ಕಾದಿರಿಸಿದ ಹೆಸರು

ಬಿ.ಎ. ತರಗತಿಯವನಿಗೆ ಗಣಕಯಂತ್ರದ ಗೊಡವೆ ಏತಕ್ಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಜ್ಜಿಗೆ ಸಹಿ ಮಾಡಲು ಬಾರದು. ಬೀಸುಕಲ್ಲಿನ ಪದಗಳು ಮಾತ್ರ ನಲವತ್ತು ಬರುತ್ತವೆ. ಈಚೆಗೆ ಒಂದೊಂದಾಗಿ ಮರೆಯತೊಡಗಿದ್ದಾಳೆ. ಅದಕ್ಕೆಂದೇ ಕಳೆದ ಬೇಸಗೆಯಲ್ಲಿ ಅವನ್ನೆಲ್ಲ ಎಕ್ಸ್‌ಎಂಎಲ್ ಎಂಬ ಗುರುತುಭಾಷೆಯಲ್ಲಿ ಬರೆದಿಡಲು ಹೊರಟೆ. ಪ್ರತಿ ಭಾಗಕ್ಕೂ ಒಂದು ಹೆಸರು ಕೊಟ್ಟು, ಅದನ್ನು ಮೊದಲಲ್ಲಿ ತೆರೆದು ಕೊನೆಯಲ್ಲಿ ಮುಚ್ಚುವುದು ಈ ಭಾಷೆಯ ಪದ್ಧತಿ.

ಮೊದಲು ‘1ಪದ’ ಎಂದು ಹೆಸರಿಟ್ಟೆ. ಯಂತ್ರ ಒಪ್ಪಲಿಲ್ಲ, ಹೆಸರು ಆ ಅಂಕಿಯಿಂದ ಆರಂಭವಾಗಕೂಡದಂತೆ. ಭಾಷೆಯ ಹೆಸರನ್ನೇ ಮುಂದಿಟ್ಟರೆ ಗೌರವವೆಂದು ಬಗೆದು, ಇಂಗ್ಲಿಷಿನ ಎಕ್ಸ್, ಎಂ, ಎಲ್ ಅಕ್ಷರಗಳನ್ನು ಅಂಕಿಯ ಹಿಂದೆ ಜೋಡಿಸಿದೆ. ಒಪ್ಪಿತು! ಆದರೆ ಗೆಳೆಯನೊಬ್ಬ ನೋಡಿ, “ಅದು ಕಾದಿರಿಸಿದ ಹೆಸರು ಕಣೋ, ನಿನ್ನ ಕಡತವೆಲ್ಲ ಕೆಟ್ಟಿತು” ಎಂದುಬಿಟ್ಟ. ನಲವತ್ತು ಪದಗಳೂ ಹೋದುವೆಂದು ನನ್ನ ಎದೆ ಧಸಕ್ಕೆಂದಿತು.

ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು, 1998ರ ಫೆಬ್ರವರಿ 10ರಂದು ಡಬ್ಲ್ಯು3ಸಿ ಸಂಸ್ಥೆ ಹೊರಡಿಸಿದ ಮೂಲ ನಿಯಮಾವಳಿಗೇ ಕೈಹಾಕಿದೆ. ಓದುತ್ತ ಓದುತ್ತ ನಮ್ಮೂರ ಬಸ್ಸು ನೆನಪಾಯಿತು. ತೆರೆದ ಹೆಸರನ್ನು ಮುಚ್ಚದಿದ್ದರೆ, ಒಂದರೊಳಗೊಂದು ಅಡ್ಡಾದಿಡ್ಡಿ ಹೆಣೆದರೆ, ಅದು ಚಕ್ರವಿಲ್ಲದ ಬಸ್ಸು. ಯಂತ್ರ ತಪ್ಪನ್ನು ಸಾರಿ ಕೆಲಸ ನಿಲ್ಲಿಸಲೇಬೇಕು. ಆ ಮೂರಕ್ಷರಗಳಿಂದ ಆರಂಭವಾಗುವ ಹೆಸರಿನ ಮಾತು ಬೇರೆ. ಅಕ್ಷರ ದೊಡ್ಡದಿರಲಿ ಸಣ್ಣದಿರಲಿ, ಅವು ಮುಂದಿನ ನಿಯಮಗಳಿಗಾಗಿ ಮೀಸಲು. ಆದರೆ ಅದನ್ನು ಸುರಚನೆಯ ಷರತ್ತೆಂದು ಎಲ್ಲಿಯೂ ಹೇಳಿಲ್ಲ. ಹೆಂಗಸರ ಸೀಟಿನಲ್ಲಿ ಗಂಡಸು ಕುಳಿತಂತೆ: ಬಸ್ಸೇನೋ ಓಡುತ್ತದೆ, ಸೀಟಿನವರು ಬಂದರೆ ಏಳಬೇಕು. ಬಂದದ್ದೂ ಉಂಟು, ಆ ಮೂರಕ್ಷರದ ಹಿಂದೆ 2001ರಲ್ಲಿ ‘ಬೇಸ್’, 2005ರಲ್ಲಿ ‘ಐಡಿ’ ಬಂದು ಕುಳಿತವು.

ಒಂದು ಕಡೆ ಮಾತ್ರ ದಾಕ್ಷಿಣ್ಯವಿಲ್ಲ. ಆ ಮೂರಕ್ಷರಗಳಿರುವ ಘೋಷಣೆಯ ಸಾಲು ಕಡತದ ನೆತ್ತಿಯ ಮೇಲೆಯೇ ಇರಬೇಕು. ಉತ್ತರ ಪತ್ರಿಕೆಯಲ್ಲಿ ‘ಶ್ರೀ’ಕಾರಕ್ಕೆ ಜಾಗ ಬಿಟ್ಟು ರೂಢಿಯಾದ ನಾನು ಇಲ್ಲಿಯೂ ಮೇಲೊಂದು ಖಾಲಿ ಸಾಲು ಬಿಟ್ಟು ಛೀಮಾರಿ ಹಾಕಿಸಿಕೊಂಡೆ.

ಕಡತ ಕೆಟ್ಟಿರಲಿಲ್ಲ. ಆದರೂ ಪರರ ಸೀಟು ನನಗೇಕೆ? ಕನ್ನಡ ಅಕ್ಷರದ ಹೆಸರುಗಳಿಗೆ ನಿಯಮದಲ್ಲಿ ಅವಕಾಶವಿದ್ದೇ ಇತ್ತು. 2008ರ ಐದನೆಯ ಆವೃತ್ತಿಯಂತೆ ಕನ್ನಡದ ‘೧’ ಹೆಸರಿನ ಮೊದಲಿಗೂ ನಿಲ್ಲಬಹುದು. ಇಂಗ್ಲಿಷಿನ ‘1’ಕ್ಕೆ ಇಂದಿಗೂ ಆ ಭಾಗ್ಯವಿಲ್ಲ! ಇದನ್ನೋದಿ ಒಬ್ಬನೇ ನಕ್ಕೆ. ಕೊನೆಗೆ ಬರಿಯ ‘ಪದ’ ಎಂದೇ ಇಟ್ಟೆ.

ಅಜ್ಜಿಗೆ ಹೇಳಿದಾಗ, “ಏನಪಾ, ಸಾಲಿ ಕಲಿತು ನನ್ನ ಹಾಡಿಗೇ ಹೆಸರಿಡಾಕ ಹತ್ತಿಯೇನು?” ಎಂದು ಸಿಡುಕಿದಳು. ಸಮಾಧಾನ ಮಾಡುವಷ್ಟರಲ್ಲಿ ಸಾಕಾಯಿತು. ಮೂವತ್ತೊಂದನೆಯ ಪದದ ಕಡೆಯ ನುಡಿ ಅವಳಿಗೆ ಎಷ್ಟು ಮಾಡಿದರೂ ನೆನಪಾಗಲಿಲ್ಲ. ಅಲ್ಲಿ ‘ನುಡಿ’ ಎಂದು ತೆರೆದು, ಒಳಗೇನೂ ಬರೆಯದೆ, ಹಾಗೆಯೇ ಮುಚ್ಚಿದ್ದೇನೆ. ಯಂತ್ರ ತಕರಾರು ಮಾಡಲಿಲ್ಲ.