ಡಬ್ಬಿಗೆ ಬೀಗ, ಬಾಟಲಿಗಿಲ್ಲ

ಭೈರವಾನಿತಿಪ್ಪದವರಿಗೆ ಒಡವೆ ಕೆಲಸವೆಂದರೆ ರಾಯದುರ್ಗವೇ. ಆಚಾರ್ರ ಅಂಗಡಿಯಲ್ಲಿ ಬೀಗ ಬೀಳುತ್ತಿದ್ದದ್ದು ಎರಡಕ್ಕೇ: ಚಿನ್ನಕ್ಕೆ, ಸೈನೈಡ್ ಡಬ್ಬಿಗೆ. "ಅದನ್ನ ಮುಟ್ಟಬ್ಯಾಡಲೇ, ನಾಲಿಗೆಗೆ ಸೋಕಿದ್ರೆ ಮುಗೀತು" ಅನ್ನುತ್ತಿದ್ದರು. ಅದರ ಮಗ್ಗುಲಲ್ಲೇ ಆಸಿಡ್ ಬಾಟಲಿ, ಹುಣಸೆಹಣ್ಣು ನೆನೆಹಾಕಿದ ಬೋಗುಣಿ. ಅವಕ್ಕೆ ಯಾರೂ ಹೆದರುತ್ತಿರಲಿಲ್ಲ.

ಹೆದರಬೇಕಾದ್ದು ಆ ನೆರೆಹೊರೆಗೇ. ಸೈನೈಡ್ ಉಪ್ಪಿಗೆ ಹುಳಿ ತಾಗಿದರೆ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ. ಗಂಧಕಾಮ್ಲವೇ ಬೇಕೆಂದಿಲ್ಲ, ಹುಣಸೆಹುಳಿಯೂ ಆದೀತು. ಕಹಿಬಾದಾಮಿ ವಾಸನೆಯಂತೆ; ಎಲ್ಲರ ಮೂಗಿಗೂ ಅದು ಹತ್ತುವುದಿಲ್ಲ.

ಲೋಹ ಸೇರಿತೆಂದರೆ ಲೆಕ್ಕ ಇನ್ನೂ ಸೂಕ್ಷ್ಮ. ಮೆರುಗಿನ ಸೈನೈಡ್ ನೀರಿಗಿಳಿಸಿದ ಬಳೆಯಿಂದ ಚಿನ್ನದ ಜೊತೆ ಬೆರಕೆಯ ತಾಮ್ರ, ಬೆಳ್ಳಿಯೂ ಕರಗಿ ಸೈನೈಡಿನೊಂದಿಗೆ ಗಂಟುಬೀಳುತ್ತವೆ. ಆ ಚಿನ್ನ ಬಿಡುವುದುಂಟೆ? ಸತುವಿನ ಪುಡಿ ಹಾಕಿದರೆ ಚಿನ್ನ ಕಪ್ಪು ಗಸಿಯಾಗಿ ತಳಕ್ಕಿಳಿಯುತ್ತದೆ, ಅದರ ಜಾಗಕ್ಕೆ ಸತು ಕೂರುತ್ತದೆ. ಸತುವಿನ ಗಂಟು ಬಲು ಸಡಿಲ, ಸ್ವಲ್ಪ ಹುಳಿಗೇ ಬಿಚ್ಚಿಕೊಂಡು ಸೈನೈಡನ್ನು ಬಿಟ್ಟುಕೊಡುತ್ತದೆ. ಕಬ್ಬಿಣದ್ದು ಬಿಗಿ, ಪ್ರಷ್ಯನ್ ನೀಲಿ ಬಣ್ಣದೊಳಗೆ ಸೈನೈಡಿದ್ದರೂ ಯಾರನ್ನೂ ಕೊಲ್ಲದು. ಆದರೆ ನೀರಲ್ಲಿ ಕರಗಿದ ಕಬ್ಬಿಣದ ಗಂಟನ್ನೂ ಬಿಸಿಲು ಮೆಲ್ಲಗೆ ಸಡಿಲಿಸುತ್ತದೆ. ಅನಂತಪುರ ಸೀಮೆಯಲ್ಲಿ ಬಿಸಿಲಿಗೇನು ಬರವೇ? ಚಿನ್ನ ಎತ್ತಿಕೊಂಡ ಮೇಲೆ ಆ ಸತುವಿನ ನೀರು ಮೋರಿಪಾಲು.

ಕೋಲಾರದ ಗಣಿಯಲ್ಲೂ ಚಿನ್ನ ಬಿಡಿಸಿದ್ದು ಸೈನೈಡೇ. ಗ್ಲಾಸ್ಗೋದಲ್ಲಿ ಹುಟ್ಟಿದ ಆ ವಿದ್ಯೆಗೆ ಪೇಟೆಂಟ್ ಪಡೆದದ್ದು 1887ರಲ್ಲಿ. ಗಣಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ಕ್ಕೆ. ಚಿನ್ನ ಬಿಡಿಸಿ ಉಳಿದ ಮಣ್ಣು ರಾಶಿಬಿದ್ದ ಸೈನೈಡ್ ದಿಬ್ಬಗಳು ಈಗ ಸಿನಿಮಾ ಶೂಟಿಂಗಿನ ಜಾಗ. ಇಂಥ ದಿಬ್ಬಗಳಲ್ಲಿ ಸೈನೈಡ್ ಬಿಸಿಲು ಗಾಳಿಗೆ ಸವೆಯುತ್ತಾ ಹೋಗುತ್ತದೆ, ಲೋಹ ಸವೆಯುವುದಿಲ್ಲ.

ರಾಯದುರ್ಗದಲ್ಲಿ ಈಗ ಒಡವೆ ರೆಡಿಮೇಡ್. ಮೆರುಗು ಹಾಕುವ ಹುಡುಗರ ಕೈಗೆ ಗ್ಲೌಸ್ ಬಂದಿದೆ, ಗೋಡೆಗೆ ಎಕ್ಸಾಸ್ಟ್ ಫ್ಯಾನ್. ಅದು ಗಾಳಿಯನ್ನು ತಳ್ಳುವುದು ಪಕ್ಕದ ಓಣಿಗೆ, ಇರಲಿ. ಉಳಿದ ನೀರಿಗೆ ಮೊದಲು ಸುಣ್ಣ, ಆಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ಬಿಟ್ಟರೆ ಸೈನೈಡ್ ಬಹುಪಾಲು ಮುರಿಯುತ್ತದೆ. ಸುಣ್ಣ ತಪ್ಪಿಸಿದರೆ ಸೈನೋಜನ್ ಕ್ಲೋರೈಡ್ ಎಂಬ ಇನ್ನೊಂದು ವಿಷಗಾಳಿ. ಕಬ್ಬಿಣದ ಗಂಟಿಗೆ ಬ್ಲೀಚೂ ಜಗ್ಗದು. ಇದನ್ನೆಲ್ಲ ಒಬ್ಬ ಹುಡುಗನಿಗೆ ಹೇಳಿದೆ.

"ಅಷ್ಟೊತ್ತು ಯಾರು ಕಾಯ್ತಾರಣ್ಣ, ಮದುವಿ ಸೀಸನ್ನು" ಅಂದ.