ನೀಲಿ ಬಾವುಟ

ಅಂತರಜಾಲದ ಕಾರು ಪಂದ್ಯಗಳಲ್ಲಿ ನನ್ನ ಸ್ಥಾನ ಪ್ರಾಯಶಃ ಕೊನೆಯದೇ. ಆ ರಾತ್ರಿ ಐರೇಸಿಂಗ್ ಆಟದಲ್ಲಿ, ಬೆಲ್ಜಿಯಮ್ಮಿನ 7 ಕಿಲೋಮೀಟರಿನ ಸ್ಪಾ ಪಥದ ಮೇಲೆ, ಮೊದಲಿಗನು ಒಂದು ಸುತ್ತು ಮುಂದಾಗಿ ನನ್ನ ಬೆನ್ನಿಗೇ ಬಂದ. ಪರದೆಯಲ್ಲಿ ನೀಲಿ ಬಾವುಟ! ದೊಡ್ಡವರು ಬಂದರೆ ದಾರಿ ಬಿಡಬೇಕೆಂದು ಕಲಿತು ಬೆಳೆದವನು ನಾನು. ತಿರುವಿನಲ್ಲೇ ಬ್ರೇಕು ಒತ್ತಿ ಒಳಕ್ಕೆ ಸರಿದೆ. ಅವನೂ ಅತ್ತಲೇ ನುಗ್ಗಿದ್ದ. ಇಬ್ಬರೂ ತಡೆಗೋಡೆ ಸೇರಿದೆವು. ಅವನ ಅಷ್ಟು ಹೊತ್ತಿನ ಶ್ರಮ ನನ್ನ ವಿನಯಕ್ಕೆ ಬಲಿಯಾಯಿತು.

ಅನಂತರ ನಿಯಮ ಓದಿದೆ. (ಮೊದಲೇ ಓದಬಹುದಿತ್ತು.) ಅಲ್ಲಿ ಆ ಬಾವುಟ ಬರಿಯ ಸೂಚನೆ; ನಿಧಾನಿಯು ತನ್ನ ಗೆರೆ ಬಿಡದೆ ಸಾಗಬೇಕು, ದಾಟುವ ಹೊಣೆ ವೇಗಿಯದು. ಫಾರ್ಮುಲಾ ಒನ್ ಪಂದ್ಯದಲ್ಲಾದರೋ ದಾರಿ ಬಿಡದವನಿಗೆ ದಂಡವುಂಟು. ಈಗ ನೇರ ಹಾದಿಯಲ್ಲಿ ಮಾತ್ರ ವೇಗವನ್ನು ತುಸು ತಗ್ಗಿಸುತ್ತೇನೆ.

ಅವನಿಗೆ ಕ್ಷಮೆ ಕೋರಿ ಬರೆದೆ. ಉತ್ತರ ಬಂತು: “ಮುಂದಿನ ಸಲ ನಿಮ್ಮ ಪಾಡಿಗೆ ನೀವು ಹೋಗಿ.”