ಬಂದ ಗಾಳಿ ಹೋಗಬೇಕಲ್ಲ!

ಆಕಾಶದ ತುಂಬ ಗಾಳಿ, ಅದೂ ತಣ್ಣಗಿನದು, ಅದೂ ಬಿಟ್ಟಿ. ಅದರ ನಡುವೆಯೇ ಓಡುವ ವಿಮಾನದ ಎಂಜಿನ್ನಿಗೆ ಸೆಕೆ ಎಂದರೆ ಯಾರಾದರೂ ನಗುತ್ತಾರೆ. ಆದರೆ ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲಷ್ಟೇ ಪ್ರೊಪೆಲ್ಲರಿಗೆ. ಮಿಕ್ಕಿದ್ದು ಹೊಗೆಯ ಜೊತೆ ಒಂದಷ್ಟು ಹೋದರೆ, ಎಂಜಿನ್ನಿನ ಮೈಕಾವಾಗಿ ಒಂದಷ್ಟು ಉಳಿಯುತ್ತದೆ. ಆ ಕಾವನ್ನು ಇಳಿಸದಿದ್ದರೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಆಮೇಲೆ ಮೇಲಿದ್ದವರು ಇಳಿಯಲು ಗದ್ದೆ ಹುಡುಕಬೇಕು.

1903ರಲ್ಲಿ ರೈಟ್ ಸೋದರರು ಹಾರಿಸಿದ ವಿಮಾನದ ಎಂಜಿನ್ನಿಗೂ ತಣ್ಣಗಾಗಲು ನೀರೇ ಗತಿಯಾಗಿತ್ತು. ಚಪ್ಪಟೆ ಕೊಳವೆಗಳ ಉದ್ದನೆಯ ರೇಡಿಯೇಟರನ್ನು ರೆಕ್ಕೆಗಳ ನಡುವಿನ ಕಂಬಕ್ಕೆ ನೆಟ್ಟಗೆ ಬಿಗಿದಿದ್ದರು. ಅಂದಿನ ಅತಿ ದೀರ್ಘ ಹಾರಾಟವೇ 59 ಸೆಕೆಂಡು. ಅಷ್ಟಕ್ಕೆ ಅದು ಧಾರಾಳವಾಯಿತು.

ಪೀಕಲಾಟ ಶುರುವಾದದ್ದು ವೇಗದ ಹುಚ್ಚು ಹತ್ತಿದ ಮೇಲೆ. ಗಾಳಿಗೆ ಎದುರಾಗಿ ರೇಡಿಯೇಟರ್ ನಿಲ್ಲಿಸಿದರೆ ಎಂಜಿನ್ ತಣ್ಣಗಾಗುತ್ತದೆ, ನಿಜ. ವಿಮಾನವೂ ಜಗ್ಗಿ ನಿಲ್ಲುತ್ತದೆ. ಇಂಗ್ಲೆಂಡಿನ ಸೂಪರ್‌ಮೆರೀನ್ ಕಂಪನಿಯ ಮಿಚೆಲ್ ಈ ರಗಳೆಯೇ ಬೇಡವೆಂದು ರೆಕ್ಕೆಯ ಚರ್ಮವನ್ನೇ ರೇಡಿಯೇಟರ್ ಮಾಡಿದ. 1931ರಲ್ಲಿ ಷ್ನೈಡರ್ ಟ್ರೋಫಿ ವೇಗದ ಪಂದ್ಯ ಗೆದ್ದ ಎಸ್.6ಬಿ ಸೀಪ್ಲೇನಿನಲ್ಲಿ ರೆಕ್ಕೆ ಸಾಲದೆ, ನೀರಿನ ಮೇಲೆ ತೇಲುವ ದೋಣಿಯಂಥ ಕಾಲುಗಳಿಗೂ ಆ ಕೆಲಸ ಹಚ್ಚಿದ್ದರು. ಅದೇ ವರ್ಷ ಅದು ಗಂಟೆಗೆ 650 ಕಿಲೋಮೀಟರು ದಾಟಿತು. ಒಂದೇ ರೆಕ್ಕೆಯಲ್ಲಿ ಎರಡು ಕೆಲಸ! ಕೇಳಲು ಸೊಗಸು. ಆದರೆ ರೆಕ್ಕೆಗೆ ಒಂದು ಕಲ್ಲು ಬಡಿದರೆ ಎಂಜಿನ್ನಿನ ನೀರೇ ಸೋರಿಹೋಗುವ ಏರ್ಪಾಡನ್ನು ದಿನಬಳಕೆಗೆ ಯಾರು ಒಪ್ಪಿಯಾರು?

ಇದಕ್ಕಿಂತ ಬುದ್ಧಿವಂತಿಕೆಯ ದಾರಿ ಹೇಳಿದವನು ಇಂಗ್ಲೆಂಡಿನದೇ ಫಾರ್ನ್‌ಬರೋದ ಸಂಶೋಧಕ ಮೆರೆಡಿತ್, 1935ರಲ್ಲಿ. ರೇಡಿಯೇಟರನ್ನು ಒಂದು ಸುರಂಗದೊಳಗೆ ಕೂರಿಸಿ. ಬಾಯಿ ಚಿಕ್ಕದಿರಲಿ, ಒಳಗೆ ಹೋಗುತ್ತ ಹಿಗ್ಗಲಿ. ಗಾಳಿ ನಿಧಾನವಾಗುತ್ತದೆ, ಒತ್ತಡ ಏರುತ್ತದೆ. ರೇಡಿಯೇಟರಿನ ಕಾವು ಹೀರಿದ ಗಾಳಿಯನ್ನು ಕಿರಿದಾಗುವ ಬಾಲದಿಂದ ಹಿಂದಕ್ಕೆ ಚಿಮ್ಮಿಸಿದರೆ, ಕಳೆದುಕೊಂಡ ವೇಗದಲ್ಲಿ ಒಂದು ಪಾಲು ವಾಪಸು. ಅಮೆರಿಕದ ಮಸ್ಟಾಂಗ್ ಯುದ್ಧವಿಮಾನದ ಹೊಟ್ಟೆ ಉಬ್ಬಿರುವುದು ಇದಕ್ಕೇ.

ಮೆರೆಡಿತ್‌ನ ಜೆಟ್ಟಿನಂಥ ತಳ್ಳು ಸಣ್ಣ ವಿಮಾನಕ್ಕೆ ದಕ್ಕುವುದಿಲ್ಲ. ಅಷ್ಟು ವೇಗ ಅದಕ್ಕಿಲ್ಲ. ಆದರೆ ಅವನ ಸುರಂಗ ದಕ್ಕುತ್ತದೆ. ಕೈಯಾರೆ ವಿಮಾನ ಕಟ್ಟುವವರು ಎಂಜಿನ್ ಕಾದಿತೆಂದರೆ ಮೊದಲು ಮಾಡುವ ಕೆಲಸ ಮೂತಿಯ ಕಿಂಡಿಯನ್ನು ಅಗಲಿಸುವುದು. ಯಾಕೋ ನಮಗೆಲ್ಲ ಬಾಗಿಲು ದೊಡ್ಡದು ಮಾಡುವುದರಲ್ಲೇ ಉತ್ಸಾಹ. ಹಬ್ಬಕ್ಕೆ ನೆಂಟರನ್ನು ಕರೆಯುವುದು ದೊಡ್ಡ ಮಾತಲ್ಲ. ಹಬ್ಬ ಮುಗಿದ ಮೇಲೆ ಅವರನ್ನು ಬಸ್ಸು ಹತ್ತಿಸಿದವರನ್ನು ಕೇಳಿ ನೋಡಿ. ಬಿಸಿಗಾಳಿ ಹೊರಹೋಗುವ ಕಿಂಡಿ ಸಾಲದಿದ್ದರೆ ಒಳಬರುವ ಗಾಳಿ ಬಾಗಿಲಲ್ಲೇ ತಿರುಗಿಬೀಳುತ್ತದೆ. ರೇಡಿಯೇಟರಿನ ಸುತ್ತ ಬೆರಳಗಲದ ಸಂದಿಯಿದ್ದರಂತೂ ಮುಗಿಯಿತು: ಗಾಳಿಗೆ ಕಷ್ಟದ ದಾರಿ ಯಾಕೆ ಬೇಕು, ಸಂದಿಯಲ್ಲೇ ನುಸುಳಿ ಹೋಗುತ್ತದೆ. ಹಾಗಾಗಿ ನನ್ನನ್ನು ಕೇಳಿದರೆ, ದುಡ್ಡನ್ನು ದೊಡ್ಡ ರೇಡಿಯೇಟರಿಗೆ ಸುರಿಯುವ ಮೊದಲು ಸಂದಿ ಮುಚ್ಚುವ ರಬ್ಬರಿಗೂ ಹಿಂದಿನ ಕಿಂಡಿಗೂ ಹಾಕಿ.

ಈ ಏರ್ಪಾಡಿನ ಪರೀಕ್ಷೆ ಆಗಬೇಕಾದದ್ದೂ ಮೇಲೆ ಹಾಯಾಗಿ ಹಾರುವಾಗ ಅಲ್ಲ. ರನ್‌ವೇ ತುದಿಯಲ್ಲಿ ಸರದಿ ಕಾಯುವಾಗ, ಆಮೇಲೆ ಪೂರ್ತಿ ಶಕ್ತಿ ಹಾಕಿ ನಿಧಾನ ವೇಗದಲ್ಲಿ ಮೇಲೇರುವಾಗ. ಯುದ್ಧವಿಮಾನಗಳಲ್ಲಿ ಸ್ಪಿಟ್‌ಫೈರ್‌ನಂಥ ಸ್ಪಿಟ್‌ಫೈರೇ ನೆಲದ ಮೇಲೆ ನಿಂತರೆ ಕುದಿಯುತ್ತಿತ್ತು; ರೆಕ್ಕೆಯಡಿಯ ರೇಡಿಯೇಟರಿಗೆ ಇಳಿಬಿಟ್ಟ ಚಕ್ರದ ಕಾಲೇ ಅಡ್ಡ.

ಇಂದಿನ ಹಗುರ ವಿಮಾನಗಳಲ್ಲಿ ಎಲ್ಲೆಲ್ಲೂ ಕಾಣುವುದು ಆಸ್ಟ್ರಿಯದ ರೋಟಾಕ್ಸ್ 912. ಅದರದ್ದು ಅರ್ಧನಾರೀಶ್ವರ ಸಂಸಾರ: ಸಿಲಿಂಡರಿನ ಮೈಗೆ ಗಾಳಿ, ತಲೆಗೆ ಮಾತ್ರ ನೀರು. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ-ಎನ್‌ಜಿ ವಿಮಾನ 2021ರಲ್ಲಿ ಮೊದಲು ಹಾರಿದ್ದೂ ಇದೇ ಕುಟುಂಬದ ಎಂಜಿನ್ನಿನಿಂದ.

ಇನ್ನು ರೇಡಿಯೇಟರಿನ ಒಳಗೆ ಏನು ಸುರಿಯುವುದು ಎಂಬ ಜಗಳ. ನೀರು, ಗ್ಲೈಕಾಲ್ ಅರ್ಧರ್ಧ ಎನ್ನುವವರು ಒಂದು ಕಡೆ. ನೀರಿನ ಹನಿಯೂ ಇಲ್ಲದ ಕೂಲೆಂಟ್ ಎನ್ನುವ ಮಡಿವಂತರು ಇನ್ನೊಂದು ಕಡೆ. ಮೇಲೇರಿದಂತೆಲ್ಲ ನೀರು ಬೇಗ ಕುದಿಯುತ್ತದೆ, ಮೂರು ಸಾವಿರ ಮೀಟರಿನಲ್ಲಿ ಸುಮಾರು 90 ಡಿಗ್ರಿಗೇ. ಒತ್ತಡ ಹಿಡಿಯುವ ಮುಚ್ಚಳವಿದ್ದರಷ್ಟೇ ಮಾನ ಉಳಿಯುವುದು. ನೀರಿಲ್ಲದ್ದಕ್ಕೆ ಆ ಭಯವಿಲ್ಲ, ಆದರೆ ಕಾವು ಹೊರುವುದರಲ್ಲಿ ಅದು ಸೋಮಾರಿ; ಅದೇ ರೇಡಿಯೇಟರಿನಲ್ಲಿ ಎಂಜಿನ್ ಇನ್ನಷ್ಟು ಬಿಸಿಯಾಗಿ ಓಡುತ್ತದೆ. ನನ್ನ ಓಟು ನೀರಿಗೆ, ಗಟ್ಟಿ ಮುಚ್ಚಳದ ಸಮೇತ.

ಇಷ್ಟೆಲ್ಲ ಮಾಡಿದ ಮೇಲೆ ಇನ್ನೊಂದು ಫಜೀತಿ: ಅತಿಯಾಗಿ ತಣ್ಣಗಾಗುವುದು. ಎಂಜಿನ್ ಆಯಿಲ್ ಆಗಾಗ 100 ಡಿಗ್ರಿ ಮುಟ್ಟದಿದ್ದರೆ ಅದರಲ್ಲಿ ಸೇರಿದ ತೇವ ಆವಿಯಾಗಿ ಹೋಗುವುದಿಲ್ಲ. ಅದಕ್ಕೇ ಚಳಿದೇಶದ ಪೈಲಟ್ಟರು ಆಯಿಲ್ ಕೂಲರಿನ ಮುಖಕ್ಕೆ ಅಲ್ಯೂಮಿನಿಯಂ ಟೇಪು ಅಂಟಿಸಿಕೊಂಡು ಹಾರುತ್ತಾರೆ. ಬೇಸಗೆ ಬಂದಾಗ ಅದನ್ನು ಕಿತ್ತುಹಾಕಲು ನೆನಪಿಟ್ಟುಕೊಳ್ಳಬೇಕಾದವರೂ ಅವರೇ.